ಟೋಲ್ ಗೇಟಿನಲ್ಲಿ ಬ್ರೇಕ್ ಹಾಕದ ಮೊಟ್ಟೆ ವ್ಯಾನ್

ನಮ್ಮ ಮನೆಯಲ್ಲಿ ಮೊಟ್ಟೆಗಿರುವ ಮರ್ಯಾದೆ ಮನುಷ್ಯರಿಗಿಲ್ಲ.

ನಮ್ಮ ಯಜಮಾನರು ಮೊಟ್ಟೆ ವ್ಯಾನಿನ ಡ್ರೈವರ್. ಬೆಳಗ್ಗೆ ಕೋಳಿ ಫಾರಂನಲ್ಲಿ ಟ್ರೇಗಳನ್ನು ತುಂಬಿಸಿಕೊಂಡು, ಹೆದ್ದಾರಿ ಹಿಡಿದು, ಪೇಟೆಯ ಅಂಗಡಿಗಳಿಗೆಲ್ಲ ಇಳಿಸಿ ಬರುವುದು ಅವರ ಕೆಲಸ. ಸಂಜೆ ಮನೆಗೆ ಬಂದವರನ್ನು ನಾನು "ಹೇಗಿತ್ತು ರೀ ಇವತ್ತು?" ಎಂದು ಕೇಳುತ್ತೇನೆ. "ಒಂದೂ ಒಡೀಲಿಲ್ಲ ಕಣೇ" ಅನ್ನುತ್ತಾರೆ. ನಾನು ಕೇಳಿದ್ದು ಗಂಡನ ಯೋಗಕ್ಷೇಮ, ಬಂದ ಉತ್ತರ ಮೊಟ್ಟೆಯದು! ಹೋದ ವರ್ಷ ನಾನು ಅಡುಗೆಮನೆಯಲ್ಲಿ ಕಾಲು ಜಾರಿ ಧೊಪ್ಪನೆ ಬಿದ್ದೆ. ಸದ್ದು ಕೇಳಿ ಓಡಿ ಬಂದ ಮಹಾನುಭಾವರು ಮೊದಲು ನೋಡಿದ್ದು ನನ್ನ ಸೊಂಟವನ್ನಲ್ಲ, ನನ್ನ ಕೈಲಿದ್ದ ಮೊಟ್ಟೆಯ ಬುಟ್ಟಿಯನ್ನು.

ಇವರದೊಂದು ಸಿದ್ಧಾಂತವಿದೆ. ಮೊಟ್ಟೆ ಒಡೆಯುವುದು ಬ್ರೇಕಿನಿಂದ. ಬ್ರೇಕ್ ಹಾಕಿದರೆ ಟ್ರೇಗಳೆಲ್ಲ ಮುಂದಕ್ಕೆ ನುಗ್ಗುತ್ತವೆ. ಆದ್ದರಿಂದ ಬ್ರೇಕನ್ನೇ ಹಾಕಬಾರದು. ಹೆದ್ದಾರಿಯಲ್ಲಿ ಹೇಗೋ ನಡೆಯಿತು ಅನ್ನಿ. ಆದರೆ ದಾರಿಯಲ್ಲಿ ಒಂದು ಟೋಲ್ ಇದೆಯಲ್ಲ? ಅಲ್ಲಿಗೂ ಇವರ ಬಳಿ ಒಂದು ವಿದ್ಯೆ ಇತ್ತು. ಅದರ ಹೆಸರು "ಬಾಲ ಹಿಡಿಯೋದು".

ಈಗ ಟೋಲಿನಲ್ಲಿ ಕೈಗೆ ಚೀಟಿ ಕೊಡುವವರಿಲ್ಲ. ಗಾಡಿಯ ಮುಂದಿನ ಗಾಜಿಗೆ ಒಂದು ಟ್ಯಾಗ್ ಅಂಟಿಸಿರುತ್ತೇವೆ. ಮೇಲಿರುವ ಯಂತ್ರ ಅದನ್ನು ಓದಿದರೆ ಗೇಟು ಮೇಲೇಳುತ್ತದೆ. ನಮ್ಮ ಯಜಮಾನರು ದೂರದಿಂದಲೇ ಮುಂದಿನ ಗಾಡಿಗೆ ಗುರಿಯಿಟ್ಟು, ಅದರ ಬೆನ್ನಿಗೇ ಅಂಟಿಕೊಂಡು, ಅದಕ್ಕಾಗಿ ಎದ್ದ ಗೇಟು ಕೆಳಗಿಳಿಯುವ ಮೊದಲೇ ಸುಯ್ಯನೆ ನುಸುಳಿ ಹೋಗುತ್ತಿದ್ದರು. ಅವರ ಟ್ಯಾಗನ್ನೂ ಯಂತ್ರ ಹೇಗೋ ಓದಿಕೊಳ್ಳುತ್ತಿತ್ತು. ಇದನ್ನು ನೋಡಿ ಹೆದ್ದಾರಿಯ ಟೀ ಅಂಗಡಿಯಲ್ಲಿ ಸೇರುವ ಡ್ರೈವರುಗಳೆಲ್ಲ ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ಟೋಲ್ ದಾಟುವಾಗ ಯಾರ ಗಾಡಿಯ ಹಿಂದಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೋ, ಅಂದರೆ ಯಾರು ಬ್ರೇಕ್ ತುಳಿಯುತ್ತಾರೋ, ಅವತ್ತು ಎಲ್ಲರಿಗೂ ಟೀ ಅವರದೇ. ನಮ್ಮವರು ಒಮ್ಮೆಯೂ ಟೀ ಕೊಡಿಸಿದವರಲ್ಲ. ಹಾಗಾಗಿ "ಗುರು" ಎಂದು ಹೆಸರು ಬಿತ್ತು, ಇವರಿಗೆ ಕೊಂಬು ಬಂತು.

ನಮ್ಮತ್ತೆಗಂತೂ ಹೆಮ್ಮೆಯೋ ಹೆಮ್ಮೆ. "ನನ್ನ ಮಗ ಹುಟ್ಟಿದಾಗಿಂದ ಹಾಗೇ ಕಣಮ್ಮ. ನಡೆಯೋದು ಕಲಿಯೋಕೆ ಮುಂಚೆನೇ ಓಡಿದೋನು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಓಡಿ ಎಲ್ಲಿ ಬಿದ್ದನೆಂದು ಮಾತ್ರ ಹೇಳುತ್ತಿರಲಿಲ್ಲ. ಹುಬ್ಬಿನ ಮೇಲಿನ ಗಾಯದ ಗುರುತು ಅದನ್ನು ತಾನೇ ಹೇಳುತ್ತಿತ್ತು.

ಹೀಗಿರುವಾಗ ನನ್ನ ತಂಗಿಗೆ ಅದೇ ಟೋಲಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಯಿಂದ ಹತ್ತಿರ ಎಂದು ನಮ್ಮಲ್ಲೇ ಉಳಿದುಕೊಂಡಳು. ಮುಂದಿನ ಕೋಣೆಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕ ಅವಳ ಮಂಚ. ಗೋಡೆಯ ಮೊಳೆಗೆ ಅವಳ ಕಿತ್ತಳೆ ಬಣ್ಣದ ಜಾಕೆಟ್. ಯಾವುದಾದರೂ ಗಾಡಿಯ ಟ್ಯಾಗನ್ನು ಮೇಲಿನ ಯಂತ್ರ ಓದದಿದ್ದರೆ ಇವಳು ತನ್ನ ಪುಟ್ಟ ಬೂತಿನಿಂದ ಇಳಿದು ಹೋಗಿ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವನ್ನು ಗಾಜಿನ ಹತ್ತಿರ ಹಿಡಿದು ಓದಿಸಬೇಕು. ದಿನವಿಡೀ ಗಾಡಿಗಳ ನಡುವೆಯೇ ಓಡಾಟ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಭಾವನನ್ನು ಕೆಣಕಿದಳು.

"ಭಾವ, ಇವತ್ತು ನಿಮ್ಮ ವ್ಯಾನ್ ನಮ್ಮ ಲೇನಲ್ಲೇ ಹೋಯ್ತು. ಕೈ ಬೀಸಿದೆ."

"ಹೌದಾ? ನಾನು ನೋಡ್ಲೇ ಇಲ್ವಲ್ಲಮ್ಮ."

"ನೀವು ಎಲ್ಲಿಂದ ನೋಡ್ತೀರ? ವ್ಯಾನ್ ಬಂದಿದ್ದು ನಂಗೂ ಕಾಣ್ಲಿಲ್ಲ. ಹೋಗಿದ್ದು ಮಾತ್ರ ಕಾಣಿಸ್ತು."

ನಾನು ಕಿಸಕ್ಕನೆ ನಕ್ಕೆ. ಯಜಮಾನರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಮೀಸೆ ಸವರಿಕೊಂಡರು.

"ತಮಾಷೆ ಅಲ್ಲ ಭಾವ. ಟೋಲ್ ಬರೋಕೆ ಮುಂಚೆ ವೇಗದ ಬೋರ್ಡ್ ಹಾಕಿರ್ತಾರಲ್ಲ, ಅದು ನಿಮ್ಮಂಥೋರಿಗೇ ಹಾಕಿರೋದು. ಅಲ್ಲಿಂದ್ಲೇ ನಿಧಾನ ಮಾಡ್ಬೇಕು. ಮುಂದಿನ ಗಾಡಿಗೂ ನಿಮಗೂ ಮಧ್ಯೆ ಜಾಗ ಬಿಡ್ಬೇಕು."

"ಅಲ್ಲಮ್ಮ, ಬೇಗ ಹೋಗ್ಲಿ ಅಂತಾನೇ ತಾನೇ ಯಂತ್ರ ತಂದಿರೋದು? ಅದ್ರ ಮುಂದೇನೂ ಆಮೆ ಥರ ತೆವಳ್ಬೇಕು ಅಂದ್ರೆ, ಹಳೇ ಕಾಲದ ಹಾಗೆ ಚೀಟಿನೇ ಹರ್ಕೊಡಿ. ಅದ್ಯಾಕೆ ಅಷ್ಟು ದೊಡ್ಡ ಯಂತ್ರ?"

ನಿಜ ಹೇಳುತ್ತೇನೆ, ಆ ಮಾತು ನನಗೂ ಸರಿ ಅನ್ನಿಸಿತು. ನಾನೂ ತಂಗಿಯ ಮುಖ ನೋಡಿದೆ. ಅವಳು ಉತ್ತರ ಹೇಳುವ ಬದಲು ನೀರಿನ ಲೋಟಗಳನ್ನೆಲ್ಲ ಎಳೆದುಕೊಂಡು ಸಾಲಾಗಿ ಇಟ್ಟಳು. ಸೌಟನ್ನು ಅಡ್ಡ ಹಿಡಿದಳು.

"ಈ ಲೋಟ ಮುಂದಿನ ಕಾರು. ಇದು ನಿಮ್ಮ ವ್ಯಾನು. ಸೌಟು ಗೇಟು. ಯಂತ್ರ ಮೊದಲು ಕಾರಿನ ಟ್ಯಾಗ್ ಓದುತ್ತೆ. ಓದಿದ ತಕ್ಷಣ ಗೇಟು ಏಳಲ್ಲ ಭಾವ. ಟ್ಯಾಗ್ ಸರಿ ಇದೆಯಾ ಇಲ್ವಾ ನೋಡಿ, ಆಮೇಲೆ ಏಳುತ್ತೆ. ಅಷ್ಟಕ್ಕೆ ಅದಕ್ಕೆ ಒಂಚೂರು ಹೊತ್ತು ಬೇಕು. ನೀವು ಅವನ ಬೆನ್ನಿಗೇ ಅಂಟ್ಕೊಂಡು ಬಂದ್ರೆ, ಎಲ್ಲಿ ಕಾರು ಮುಗೀತು, ಎಲ್ಲಿ ವ್ಯಾನ್ ಶುರುವಾಯ್ತು ಅಂತ ಅದಕ್ಕೆ ಗೊತ್ತಾಗ್ದೇ ಹೋಗ್ಬಹುದು. ಆಗ ಗೇಟು ಹೀಗೆ..."

ಸೌಟು ಎರಡನೆಯ ಲೋಟದ ತಲೆಯ ಮೇಲೆ ಠಣ್ ಎಂದು ಬಿತ್ತು.

"ಏಯ್!" ಅತ್ತೆ ಲೋಟವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ನನ್ನ ಮಗನ ವ್ಯಾನಿನ ಮೇಲೆ ಯಾಕಮ್ಮ ಹೊಡೀತೀಯಾ? ಬೇರೆ ಲೋಟ ಇಟ್ಕೋ!"

"ಗೇಟು ಬಿದ್ರೆ ವ್ಯಾನಿನ ತಲೆ ಚಪ್ಪಟೆ ಆಗುತ್ತೆ, ಅಷ್ಟೇ ಅತ್ತೆ. ಅದಕ್ಕಿಂತ ಕಷ್ಟದ್ದು ಬೇರೆ ಇದೆ. ಮುಂದಿನವನ ಟ್ಯಾಗ್ ಓದ್ಲಿಲ್ಲ ಅನ್ನಿ. ಅವನು ಗಕ್ಕಂತ ನಿಲ್ತಾನೆ. ತನ್ನ ಟ್ಯಾಗ್ ಓದಲ್ಲ ಅಂತ ಅವನಿಗೇ ಗೊತ್ತಿರಲ್ಲ. ಹಿಂದಿರೋರಿಗೆ ಹೇಗೆ ಗೊತ್ತಾಗುತ್ತೆ? ಆಗ ನಾವು ಇಳಿದು ಹೋಗ್ಬೇಕು. ಇಲ್ಲಿ." ಅವಳು ಎರಡು ಲೋಟಗಳ ನಡುವೆ ಬೆರಳಿಟ್ಟಳು. ಬೆರಳಿಗೇ ಅಲ್ಲಿ ಜಾಗ ಸಾಲಲಿಲ್ಲ.

ನನಗೆ ನಗು ನಿಂತುಹೋಯಿತು. ಯಜಮಾನರು ಮಾತ್ರ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. "ನೀನು ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದಾಗಿಂದ ನಾನು ಸ್ಟೇರಿಂಗ್ ಹಿಡಿದಿದ್ದೀನಿ ಕಣಮ್ಮ. ನನ್ನ ಕಾಲು ಎಲ್ಲಿಡ್ಬೇಕು ಅಂತ ಮೊಟ್ಟೆಗಳಿಗೆ ಗೊತ್ತು" ಎಂದು ಎದ್ದು ಕೈತೊಳೆಯಲು ಹೋದರು. ಮೊಟ್ಟೆಗಳಿಗೆ ಗೊತ್ತಂತೆ! ಇಂಥವರ ಜೊತೆ ವಾದ ಮಾಡುವುದೂ ಒಂದೇ, ಕಲ್ಲಿಗೆ ನೀರು ಹೊಯ್ಯುವುದೂ ಒಂದೇ.

ಮುಂದಿನ ವಾರ ನನಗೆ ಹೊಲಿಗೆಗೆ ಲೈನಿಂಗ್ ಬಟ್ಟೆ ಬೇಕಿತ್ತು. ಪೇಟೆಗೆ ವ್ಯಾನಿನಲ್ಲೇ ಬರುತ್ತೇನೆ ಎಂದೆ. ಅವತ್ತು ಯಾವುದೋ ಬೇಕರಿಯವರು ಹೆಚ್ಚಿಗೆ ಮೊಟ್ಟೆ ಕೇಳಿದ್ದರಿಂದ ವ್ಯಾನಿನ ಹಿಂದೆ ಇರುವೆ ನುಗ್ಗಲೂ ಜಾಗವಿರಲಿಲ್ಲ. ಉಳಿದ ಒಂದು ಟ್ರೇಯನ್ನು ಯಜಮಾನರು ನನ್ನ ತೊಡೆಯ ಮೇಲಿಟ್ಟರು.

"ಮಗು ಥರ ಹಿಡ್ಕೋ" ಎಂದರು.

"ನನ್ನನ್ನ ಯಾರು ಹಿಡ್ಕೋತಾರೆ?"

"ಬೆಲ್ಟಿದೆಯಲ್ಲ" ಎಂದು ಅವರೇ ಹಾಕಿದರು. ಅಷ್ಟಾದರೂ ಬುದ್ಧಿ ಇತ್ತಲ್ಲ, ಪುಣ್ಯ.

ಹೆದ್ದಾರಿಯಲ್ಲಿ ವ್ಯಾನ್ ಗಾಳಿಯ ಹಾಗೆ ಹೋಯಿತು. ದೂರದಲ್ಲಿ ಟೋಲಿನ ಉದ್ದನೆಯ ಚಾವಣಿ ಕಂಡಿತು. ದಾರಿಯ ಪಕ್ಕ ವೇಗ ಇಳಿಸಿ ಎಂದು ಒಂದು ಬೋರ್ಡ್, ಸ್ವಲ್ಪ ಮುಂದೆ ಇನ್ನೊಂದು. ರಸ್ತೆಯ ಮೇಲೆ ಅಡ್ಡ ಗೆರೆಗಳ ಉಬ್ಬು. ವ್ಯಾನ್ ಗಡಗಡ ನಡುಗಿತು, ನನ್ನ ಹಲ್ಲೂ ಕಟಕಟ ಅಂದವು. ನನ್ನ ಪಕ್ಕದಲ್ಲಿದ್ದವರ ಕಾಲು ಮಾತ್ರ ಬ್ರೇಕಿನ ಹತ್ತಿರಕ್ಕೂ ಸುಳಿಯಲಿಲ್ಲ. ನಮ್ಮ ಮುಂದೆ ಹೋಗುತ್ತಿದ್ದ ಒಂದು ಕಾರು ಕೊನೆ ಗಳಿಗೆಯಲ್ಲಿ ಪಕ್ಕದ ಸಾಲು ಚಿಕ್ಕದಿದೆ ಎಂದು ಅತ್ತ ನುಗ್ಗಿತು. ಆ ಸಾಲಿನಲ್ಲಿದ್ದ ಲಾರಿಯವನು ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಅವನ ವಂಶಾವಳಿಯನ್ನೆಲ್ಲ ನೆನೆಸಿಕೊಂಡ.

ಈಗ ನಮ್ಮ ಮುಂದೆ ಒಂದು ಬಿಳಿ ಕಾರು.

"ನೋಡ್ತಿರು ಈಗ. ಬಾಲ ಹಿಡೀತೀನಿ" ಎಂದರು ಯಜಮಾನರು.

"ರೀ, ಬೇಡ ರೀ. ನನ್ನ ತೊಡೆ ಮೇಲೆ ಟ್ರೇ ಇದೆ."

"ಅದಕ್ಕೇ ಬ್ರೇಕ್ ಹಾಕ್ತಿಲ್ಲ ಕಣೇ!"

ಆ ಬಿಳಿ ಕಾರಿನ ಮುಂದಿನ ಗಾಜಿನ ತುಂಬ ಗೊಂಬೆಗಳು. ಕರಡಿ, ಬಾತುಕೋಳಿ, ತಲೆ ಅಲ್ಲಾಡಿಸುವ ನಾಯಿ, ಒಂದು ಇಡೀ ಮೃಗಾಲಯ. ಅವುಗಳ ಹಿಂದೆ ಎಲ್ಲೋ ಮೂಲೆಯಲ್ಲಿ ಅವನ ಟ್ಯಾಗ್ ಹೂತುಹೋಗಿತ್ತು. ಇದು ಆಮೇಲೆ ಗೊತ್ತಾದದ್ದು. ಆಗ ನಮಗೆ ಕಂಡದ್ದು ಇಷ್ಟೇ. ಗೇಟು ಏಳಲಿಲ್ಲ. ಕಾರು ಗಕ್ಕನೆ ನಿಂತಿತು. ಬೂತಿನ ಬಾಗಿಲು ತೆರೆದು ಕಿತ್ತಳೆ ಜಾಕೆಟ್ ಒಂದು ಕೆಳಗಿಳಿಯಿತು. ಟ್ಯಾಗ್ ಆ ಕಡೆಯ ಮೂಲೆಯಲ್ಲಿದ್ದುದರಿಂದ ಅದು ಕಾರಿನ ಹಿಂಬದಿಯಿಂದ ಸುತ್ತಿ ಹೊರಟಿತು. ನಮ್ಮ ವ್ಯಾನಿಗೂ ಆ ಕಾರಿಗೂ ನಡುವೆ.

"ರೀ, ನನ್ನ ತಂಗಿ!" ಎಂದು ಕಿರುಚಿದೆ.

ಯಜಮಾನರು ಬ್ರೇಕಿನ ಮೇಲೆ ಎದ್ದೇ ನಿಂತರು. ಟೈರುಗಳು ಚೀರಿದವು. ಹಿಂದಿನಿಂದ ಟ್ರೇಗಳೆಲ್ಲ ಒಟ್ಟಿಗೆ ಕುಸಿದ ಸದ್ದು ಬಂತು. ನನ್ನ ತೊಡೆಯ ಮೇಲಿದ್ದ ಟ್ರೇ ಎದ್ದು ಹಾರಿ ಮುಂದಿನ ಗಾಜಿಗೆ ಪಚಕ್ಕನೆ ಬಡಿಯಿತು. ವ್ಯಾನ್ ನಿಂತಿತು.

ಎದುರಿಗೆ ಏನೂ ಕಾಣುತ್ತಿಲ್ಲ. ಗಾಜಿನ ತುಂಬ ಹಳದಿ, ಲೋಳೆ, ಸಿಪ್ಪೆ. ಅದರಾಚೆ ಕಿತ್ತಳೆ ಬಣ್ಣ ಎಲ್ಲೂ ಇಲ್ಲ. ಯಜಮಾನರು ಎರಡೂ ಕೈಯಿಂದ ಗಾಜು ಉಜ್ಜಿದರು. ಉಜ್ಜಿದಷ್ಟೂ ಇನ್ನಷ್ಟು ಹರಡಿತು. ಅಂಗಿಯ ತೋಳಿನಿಂದ ಉಜ್ಜಿದರು. "ಕಾಣ್ತಿಲ್ಲ ಕಣೇ, ಕಾಣ್ತಿಲ್ಲ" ಎಂದು ಅದೊಂದೇ ಮಾತು. ಬಾಗಿಲು ತೆರೆದು ಇಳಿಯಲು ಹೋದರೆ ಬೆಲ್ಟು ಬಿಚ್ಚಲು ಬರುತ್ತಿಲ್ಲ, ಲೋಳೆಗೆ ಬೆರಳು ಜಾರುತ್ತಿವೆ. ನಾನು ಎತ್ತಿ ಬೆಳೆಸಿದ ಕೂಸು ಅದು. ಅಮ್ಮನಿಗೆ ಏನು ಹೇಳಲಿ? ನನ್ನ ಗಂಡನ ವ್ಯಾನೇ ಅಂತ ಹೇಳಲೇ?

ಪಕ್ಕದ ಕಿಟಕಿಯ ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದಾಯಿತು.

"ಅಕ್ಕ."

ತಂಗಿ ನಿಂತಿದ್ದಳು. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಕೂದಲೆಳೆಯಲ್ಲಿ ಪಾರಾಗಿ, ಪಕ್ಕದ ಕಟ್ಟೆಗೆ ಹಾರಿದ್ದಳಂತೆ. ಕಿಟಕಿ ಇಳಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕ, ತಲೆ ಮೇಲೆ ಸಿಪ್ಪೆ ಇದೆ" ಎಂದಳು. ಎಂದವಳೇ ನಕ್ಕಳು. ನಗುತ್ತ ನಗುತ್ತ ಅಳತೊಡಗಿದಳು. ನಾನೂ ಅತ್ತುಬಿಟ್ಟೆ. ಹಿಂದಿನ ಗಾಡಿಗಳವರೆಲ್ಲ ಹಾರ್ನ್ ಒತ್ತುತ್ತಿದ್ದರು. ಬಿಳಿ ಕಾರಿನವನು ಇಳಿದು ಬಂದು, "ನನ್ನ ಕಾರಿಗೆ ಏನೂ ಆಗಿಲ್ಲ ತಾನೇ?" ಎಂದು ವಿಚಾರಿಸಿಕೊಂಡ. ಅವನಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಯಜಮಾನರ ಕೈ ಸ್ಟೇರಿಂಗ್ ಬಿಟ್ಟು ಬರಲಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿದೆ. ಹಿಂದಿನ ಮೊಟ್ಟೆಗಳ ಗತಿ ಏನಾಯಿತೆಂದು ಅವರು ತಿರುಗಿಯೂ ನೋಡಲಿಲ್ಲ.

ಟೋಲಿನ ಮೇಲ್ವಿಚಾರಕರು ವ್ಯಾನನ್ನು ಪಕ್ಕಕ್ಕೆ ಹಾಕಿಸಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬಯ್ಯಲಿಲ್ಲ. ಒಂದು ಕಿತ್ತಳೆ ಜಾಕೆಟ್ ತಂದು ಯಜಮಾನರ ಕೈಗೆ ಕೊಟ್ಟು, "ಇದಿಲ್ಲದೆ ಇಲ್ಲಿ ನಿಲ್ಲೋ ಹಾಗಿಲ್ಲ. ಹಾಕ್ಕೊಂಡು ಆ ಕಟ್ಟೆ ಮೇಲೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಬನ್ನಿ" ಎಂದರು. ಜಾಕೆಟ್ ಇವರ ಹೊಟ್ಟೆಗೆ ಸಾಲದೆ ಗುಂಡಿ ಹಾಕಲಾಗಲಿಲ್ಲ. ಮೈಯೆಲ್ಲ ಲೋಳೆ, ಮೀಸೆಯಲ್ಲಿ ಸಿಪ್ಪೆ. ಹಾಗೆಯೇ ಹೋಗಿ ನಾದಿನಿಯ ಪಕ್ಕ ನಿಂತರು. ನಾನು ಬೂತಿನೊಳಗೆ ಕೂತು ನೋಡುತ್ತಿದ್ದೆ.

ಒಂದು ಗಾಡಿ ಬಂತು. ಯಜಮಾನರು ಬೂತಿನ ಗೋಡೆಗೆ ಅಂಟಿಕೊಂಡರು. ಇನ್ನೊಂದು ಬಂತು. ಹೊಟ್ಟೆ ಒಳಗೆಳೆದುಕೊಂಡರು. ವ್ಯಾನಿನಲ್ಲಿ ಕೂತವರಿಗೆ ಟೋಲಿನ ಲೇನ್ ಎಷ್ಟು ಅಗಲ ಕಾಣುತ್ತದೆ! ನಿಂತವರಿಗೆ ಅದು ಗಾಡಿಯ ಕನ್ನಡಿಗೂ ತಮ್ಮ ಮೊಣಕೈಗೂ ನಡುವಿನ ಜಾಗ ಅಷ್ಟೇ. ನಿಧಾನವಾಗಿ ಬಂದವರು ಕಿಟಕಿಯಿಂದ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಜೋರಾಗಿ ಬಂದವರ ಕಣ್ಣೆಲ್ಲ ಗೇಟಿನ ಮೇಲೆ. ಕೈ ಬೀಸಿದರೂ ಕಾಣದು, ಕೂಗಿದರೂ ಕೇಳದು.

ಅಷ್ಟರಲ್ಲಿ ಹಾಲಿನ ವ್ಯಾನೊಂದು ಮುಂದಿನ ಕಾರಿನ ಬಾಲ ಹಿಡಿದು ನುಗ್ಗಿ ಬಂತು. ಗಾಳಿಯ ಹೊಡೆತಕ್ಕೆ ಯಜಮಾನರು ತಂಗಿಯನ್ನು ಬಾಚಿ ಹಿಂದಕ್ಕೆಳೆದುಕೊಂಡು ಬೂತಿನ ಬಾಗಿಲಿಗೆ ಢಮ್ ಎಂದು ಬಡಿದುಕೊಂಡರು.

"ಇವನು ಟೀ ಅಂಗಡೀಲಿ ದಿನಾ ನನ್ನ ಪಕ್ಕ ಕೂರೋನು! ನನ್ನ ನೋಡ್ಲೇ ಇಲ್ಲ ನನ್ಮಗ!" ಎಂದು ಏದುಸಿರು ಬಿಟ್ಟರು.

ತಂಗಿ ಭಾವನ ಮುಖ ನೋಡಿದಳು. ಅವರ ಮುಖ ಹುಳ್ಳಗಾಯಿತು.

ಹಾಲಿನ ವ್ಯಾನಿನವನು ಗೇಟು ದಾಟಿದ ಮೇಲೆ ಕನ್ನಡಿಯಲ್ಲಿ ಕಂಡನೋ ಏನೋ, ಪಕ್ಕಕ್ಕೆ ನಿಲ್ಲಿಸಿ ಹಲ್ಲು ಕಿರಿಯುತ್ತ ಇಳಿದು ಬಂದ. "ಏನ್ ಗುರುಗಳೇ, ಕೆಲಸ ಬದಲಾಯಿಸಿಬಿಟ್ರಾ? ನೋಡಿದ್ರಾ, ಕೆಂಪು ದೀಪ ಹತ್ತಲೇ ಇಲ್ಲ!"

"ಯಾರೋ ನಿಂಗೆ ಇದನ್ನ ಕಲಿಸಿದ್ದು?" ಯಜಮಾನರು ಗುಡುಗಿದರು.

"ನೀವೇ ಅಲ್ವಾ!"

ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿ, ನಮ್ಮ ವ್ಯಾನಿನ ಹತ್ತಿರ ಕರೆದುಕೊಂಡು ಹೋಗಿ, ಹಿಂದಿನ ಬಾಗಿಲು ತೆರೆದು ತೋರಿಸಿದರು. ಒಳಗಿನಿಂದ ಹಳದಿ ಹೊಳೆ ಹರಿದು ಇಬ್ಬರ ಚಪ್ಪಲಿಯನ್ನೂ ತೋಯಿಸಿತು. "ಇದು ಮೊಟ್ಟೆ, ಹೋದ್ರೆ ಹೋಯ್ತು" ಎಂದರು. "ಇನ್ನೊಂದು ಸ್ವಲ್ಪ ಮುಂದೆ ಹೋಗಿದ್ರೆ ನನ್ನ ನಾದಿನಿ ಕಣೋ." ಅಷ್ಟು ಹೇಳಿ ರಸ್ತೆ ಬದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಹಾಲಿನವನ ಹಲ್ಲು ಒಳಗೆ ಹೋಯಿತು.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆವು. ಅವರು ತಂಗಿಯ ತಲೆಯಿಂದ ಕಾಲಿನವರೆಗೆ ಕೈಯಾಡಿಸಿ ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು. "ನಡೆಯೋಕೆ ಮುಂಚೆ ಓಡಿದಾಗಲೇ ಎರಡು ಬಿಟ್ಟಿದ್ರೆ ಇವತ್ತು ಸರಿಯಾಗಿರ್ತಿದ್ದೆ. ತಪ್ಪು ನಂದೇ!" ಎಂದು ಪೊರಕೆ ಹುಡುಕಿದರು. ಪೊರಕೆಯನ್ನು ನಾನು ಬೇಕಂತಲೇ ಬಚ್ಚಿಡಲಿಲ್ಲ.

ಈಗ ಯಜಮಾನರು ಬೋರ್ಡ್ ಕಂಡಲ್ಲಿಂದಲೇ ಕಾಲು ಸಡಿಲಿಸುತ್ತಾರೆ. ದೂರದಲ್ಲೇ ಲೇನ್ ಆರಿಸಿಕೊಂಡು ಅದರಲ್ಲೇ ಹೋಗುತ್ತಾರೆ. ಮುಂದಿನ ಗಾಡಿ ಗೇಟು ದಾಟುವವರೆಗೆ ಹಿಂದೆ ಜಾಗ ಬಿಟ್ಟು ಕಾಯುತ್ತಾರೆ. ಒಮ್ಮೆ ಇವರದೇ ಟ್ಯಾಗ್ ಓದಲಿಲ್ಲವಂತೆ. ಹಿಂದಕ್ಕೆ ಬಾರದೆ, ಹಾರ್ನ್ ಮಾಡದೆ, ಬೂತಿನವರು ಬರುವ ತನಕ ಕೂತಿದ್ದರಂತೆ. ಹೀಗೆ ಮೆಲ್ಲಗೆ ಹೋದರೆ ಜೋರಾಗಿ ಬ್ರೇಕ್ ತುಳಿಯುವ ಪ್ರಸಂಗವೇ ಬರುವುದಿಲ್ಲ, ಮೊಟ್ಟೆಯೂ ಒಡೆಯುವುದಿಲ್ಲ ಎಂದು ಇದನ್ನೂ ತಾವೇ ಕಂಡುಹಿಡಿದವರಂತೆ ಟೀ ಅಂಗಡಿಯಲ್ಲಿ ಪಾಠ ಮಾಡುತ್ತಾರೆ. ಮಾಡಲಿ ಬಿಡಿ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ಒಂದು ಮಾತು. ಟೋಲಿನ ಯಂತ್ರ ನಿಮ್ಮ ಟ್ಯಾಗನ್ನು ನೋಡುತ್ತದೆ. ಅಲ್ಲಿ ನಿಂತವರನ್ನು ನೋಡಬೇಕಾದವರು ನೀವು. ಗಾಜಿನ ಮೇಲೆ ಟ್ಯಾಗ್ ಚೆನ್ನಾಗಿ ಕಾಣುವ ಹಾಗೆ ಅಂಟಿಸಿ, ಗೊಂಬೆಗಳನ್ನು ಮನೆಯಲ್ಲಿಡಿ. ಬೋರ್ಡ್ ಹೇಳಿದಷ್ಟೇ ವೇಗದಲ್ಲಿ ಬನ್ನಿ. ಮುಂದಿನವರ ಬಾಲ ಹಿಡಿಯಬೇಡಿ. ನಮ್ಮ ಯಜಮಾನರಿಗೆ ಆ ಟೋಲಿನಲ್ಲಿ ತಮ್ಮ ನಾದಿನಿ ಕೆಲಸ ಮಾಡುತ್ತಾಳೆ ಎಂದು ಗೊತ್ತಿತ್ತು. ದಿನಾ ಅವಳ ಜೊತೆ ಕೂತು ಊಟ ಮಾಡುತ್ತಿದ್ದರು. ಆ ವೇಗದಲ್ಲಿ ಅವರಿಗೇ ಅವಳು ಕಾಣಲಿಲ್ಲ. ನಿಮಗೆ ಅವಳ ಗುರುತೂ ಇಲ್ಲ. ದಯವಿಟ್ಟು ನಿಧಾನವಾಗಿ ಬನ್ನಿ, ಅವಳು ನಿಮ್ಮ ಕಣ್ಣಿಗೆ ಬೀಳಲಿ.